ಹಿಟ್ಟು ಮಾಡೋ ಮಿಷನ್

ವಿಜಯಪುರ
೧೪ ಜನವರಿ ೨೦೨೪

ಚಿರಂಜೀವಿ ಗೋವಿಂದನಿಗೆ ಚಿಕ್ಕಮ್ಮ ಮುನಿತಾಯಮ್ಮನ ಆಶೀರ್ವಾದ.

ನಾಳೆ ಸಂಕ್ರಾಂತಿ. ಚೂರು ಎಳ್ಳು ಬೆಲ್ಲ ಕಟ್ಟಿ ಈ ಕವರಲ್ಲೇ ಇಟ್ಟಿದೀನಿ. ಪೋಸ್ಟಿನವರು ತಿಂದು ಮಿಕ್ಕಿದ್ದು ನಿನಗೂ ಮೋನಿಷಾಗೂ.

ಫೋನ್ ಮಾಡು ಚಿಕ್ಕಮ್ಮ ಅಂತ ಚೈತ್ರನ ಹತ್ರ ಹೇಳಿದ್ದೆಯಂತೆ. ಇಪ್ಪತ್ತೆಂಟು ವರ್ಷ ರೇಷ್ಮೆ ಹುರಿ ಮಾಡೋ ಫ್ಯಾಕ್ಟರಿ ಸದ್ದಲ್ಲಿ ನಿಂತೋಳಿಗೆ ಫೋನಲ್ಲಿ ಏನಪ್ಪಾ ಕೇಳುತ್ತೆ? ಎದುರಿಗೆ ನಿಂತು ಕೂಗಿದ್ರೇ ಅರ್ಧ ಕೇಳೋದು. ವಾಟ್ಸಾಪ್ ಅಂದ್ರೆ ಆ ಫೋನು ನನ್ನ ಮಗಳು ಚೈತ್ರನ ಕೈಲಿರುತ್ತೆ. ನಾನು ಹೇಳಿದ್ದನ್ನ ಅವಳು ತಿದ್ದಿ, ಮಡಿ ಮಾಡಿ ಕಳಿಸ್ತಾಳೆ. ಅದಕ್ಕೇ ನಮ್ಮಿಬ್ಬರಿಗೂ ಕಾಗದವೇ ವಾಸಿ.

ವಿಷಯ ಏನಂದ್ರೆ, ನನ್ನ ಬಲಗೈ ಕೈಕೊಟ್ಟಿದೆ. ಭುಜದ ನರ ಸವೆದಿದೆಯಂತೆ. ಯುಗಾದಿ ಹೊತ್ತಿಗೆ ಹಿಟ್ಟು ತೊಳಸೋ ಕೋಲು ಬಿಡದಿದ್ರೆ ಆಮೇಲೆ ತಲೆ ಬಾಚ್ಕೊಳ್ಳೋಕೂ ಕೈ ಮೇಲೇಳಲ್ಲ ಅಂದ್ರು ದೇವನಹಳ್ಳಿ ಡಾಕ್ಟ್ರು. ಕೋಲು ಬಿಟ್ರೆ ಮೆಸ್ಸು ಬಿಟ್ಟ ಹಾಗೆ. ದಿನಾ ಮಧ್ಯಾಹ್ನ ಒಂದು ಗಂಟೆಯೊಳಗೆ ಮುನ್ನೂರು ಹಿಟ್ಟು ಇಳೀಬೇಕು. ಫ್ಯಾಕ್ಟರಿ ಹೆಂಗಸರಿಗೆ ಅರ್ಧ ಗಂಟೆ ಊಟದ ಬಿಡುವು, ಕಾಯೋ ಜನ ಅಲ್ಲ ಅವರು. ಮೂರು ಜನಾನ ಕೆಲಸಕ್ಕಿಟ್ಟು ನೋಡ್ದೆ. ಒಬ್ಬಳು ಗಂಟು ಬಿಟ್ಟಳು, ಒಬ್ಬಳು ತಳ ಹಿಡಿಸಿದಳು. ಕದಿರಮ್ಮ ಚೆನ್ನಾಗಿ ತೊಳಸ್ತಾಳೆ, ಆದ್ರೆ ಅವಳಿಗೂ ನನ್ನ ವಯಸ್ಸೇ, ಅವಳ ಸೊಂಟವೂ ಹಂಗೇ ಇದೆ. ಇಲ್ಲಿನದೇ ಒಂದು ಮಿಷನ್ ನೋಡ್ಕೊಂಡು ಬಂದೆ, ಅದರಲ್ಲಿ ಮಾಡಿದ್ದು ಬಾಯಿಗಿಟ್ರೆ ಹಸಿ ಹಸಿ.

ಮೊನ್ನೆ ಚೈತ್ರ ಫೋನಲ್ಲಿ ತೈವಾನ್ ದೇಶದ್ದೊಂದು ತೋರಿಸಿದಳು. ದೊಡ್ಡ ಕಡಾಯಿ, ಕೆಳಗೆ ಗ್ಯಾಸು, ಮೇಲಿಂದ ಕಬ್ಬಿಣದ ತೋಳು ಬಂದು ತಳ ಕೆರೆದು ಕೆರೆದು ತೊಳಸುತ್ತೆ. ಬೆಂದ ಮೇಲೆ ಕಡಾಯಿ ತಾನೇ ಬಾಗಿ ಸುರಿಯುತ್ತೆ. ಅಲ್ಲಿನವರು ಅದರಲ್ಲಿ ಯಾವುದೋ ಕಾಳಿನ ಹೂರಣ ಮಾಡ್ತಿದ್ರು. ಹತ್ತು ಸಲ ನೋಡಿದೀನಿ ಕಣೋ. ನೋಡ್ತಿದ್ರೆ ಭುಜದ ನೋವು ಮರ್ತುಹೋಗುತ್ತೆ.

ನೀನು ಬಂದರಿನಲ್ಲೇ ಇರೋನು, ತರಿಸಿಕೊಡು. ಹೊರದೇಶದಿಂದ ತರಿಸೋಕೆ ಬೇಕಾದ ಆಮದಿನ ನಂಬರನ್ನ ಚೈತ್ರ ನನ್ನ ಹೆಸರಲ್ಲಿ ಮಾಡಿಸಿದಾಳೆ. ನಿಮ್ಮಾಫೀಸಿಗೆ ತೋರಿಸೋಕೆ ಬೇಕಾಗುತ್ತೆ ಅಂತ ಬೇರೆ ಹಾಳೇಲಿ ಬರೆದು ಸಹಿ ಹಾಕಿದೀನಿ.

ನಿನ್ನ ಚಿಕ್ಕಮ್ಮ

(ಎರಡನೇ ಹಾಳೆ)

ನನ್ನ ಮೆಸ್ಸಿಗೆ ಹಿಟ್ಟು ಮಾಡೋ ಮಿಷನ್ ಒಂದು ಬೇಕಾಗಿದೆ. ಒಂದು ಸಲಕ್ಕೆ ನೂರು ಜನಕ್ಕೆ ಆಗೋ ಅಷ್ಟು ರಾಗಿ ಹಿಟ್ಟು ಆಗಬೇಕು. ಬೇರೇನೂ ಮಾಡುವುದಿಲ್ಲ. ತರಿಸಿಕೊಡಬೇಕಾಗಿ ವಿನಂತಿ.
ಮುನಿತಾಯಮ್ಮ, ಮೆಸ್ ಮಾಲೀಕರು, ವಿಜಯಪುರ


ಚೆನ್ನೈ
೨ ಫೆಬ್ರವರಿ ೨೦೨೪

ಚಿಕ್ಕಮ್ಮ, ನಮಸ್ಕಾರ.

ಎಳ್ಳು ಬೆಲ್ಲ ಪೂರ್ತಿ ಬಂತು, ಪೋಸ್ಟಿನವರ ಮೇಲೆ ಅಪವಾದ ಬೇಡ.

ಮಿಷನ್ ವಿಚಾರ ನನಗೆ ಬಿಡು. ನನ್ನ ಕೆಲಸ ಏನು ಅಂತ ಊರಲ್ಲಿ ಎಲ್ಲರೂ ಕೇಳ್ತಾರೆ, ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ಕೇಳು. ಹಡಗಲ್ಲಿ ಬರೋ ಪ್ರತಿಯೊಂದು ಸಾಮಾನಿಗೂ ಸರ್ಕಾರದ ಪುಸ್ತಕದಲ್ಲಿ ಒಂದು ನಂಬರಿದೆ. ಮನೇಲಿಡೋ ಮಿಕ್ಸಿಗೆ ಒಂದು, ಹೋಟ್ಲಲ್ಲಿ ಅಡುಗೆ ಬೇಯಿಸೋ ಮಿಷನ್ನಿಗೆ ಒಂದು, ಕಾಳು ಬೀಸೋ ಗಿರಣಿಗೆ ಒಂದು. ಆ ನಂಬರಿನ ಮೇಲೆ ಡ್ಯೂಟಿ, ಅಂದ್ರೆ ಸುಂಕ. ಸಾಮಾನು ಏನು ಅಂತ ನೋಡಿ ಇಂಗ್ಲಿಷಲ್ಲಿ ಬರೆದು ನಂಬರು ಹಾಕಿ ಕಸ್ಟಮ್ಸಿಗೆ ಕೊಡೋದು ನಮ್ಮಂಥ ಏಜೆಂಟ್ ಆಫೀಸಿನ ಕೆಲಸ. ಎಂಟು ವರ್ಷ ಟೈಪು ಹೊಡೆದ ಮೇಲೆ ಈ ವರ್ಷ ನನಗೂ ಕಸ್ಟಮ್ಸಿನ ಪಾಸು ಸಿಕ್ಕಿದೆ. ಈಗ ನಾನೇ ಒಳಗೆ ಹೋಗಿ ಅಧಿಕಾರಿಗಳ ಮುಂದೆ ನಿಲ್ಲಬಹುದು. ನಿನ್ನ ಮಿಷನ್ನು ನಾನೇ ಮುಂದೆ ನಿಂತು ಬಿಡಿಸ್ತೀನಿ. ಆರು ವಾರ ಇಟ್ಕೋ.

ಇನ್ನೊಂದು ಸುದ್ದಿ. ಮೋನಿಷಾಗೆ ಮೂರನೇ ತಿಂಗಳು. ಅವಳ ಅಮ್ಮನಿಗಿಂತ ಮೊದಲು ನಿನಗೇ ಹೇಳ್ತಿರೋದು.

ನಿನ್ನ ಗೋವಿಂದ


ವಿಜಯಪುರ
೨೨ ಮಾರ್ಚ್ ೨೦೨೪

ಗೋವಿಂದನಿಗೆ ಆಶೀರ್ವಾದ.

ಮೋನಿಷಾ ಹುಳಿ ಕೇಳ್ತಾಳೋ ಸಿಹಿ ಕೇಳ್ತಾಳೋ ಬರೀಲೇ ಇಲ್ಲ ನೀನು. ಗಂಡಸರಿಗೆ ಮುಖ್ಯವಾದ್ದು ಬರೆಯೋಕೆ ಬರಲ್ಲ.

ಇಲ್ಲಿ ಹಳೇ ಒಲೆ ಒಡೆಸಿಬಿಟ್ಟೆ. ಹನ್ನೊಂದು ವರ್ಷದ ಒಲೆ, ಎರಡೇ ಏಟಿಗೆ ಬಿತ್ತು. ಆ ಜಾಗದಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ, ನೀನು ಕಳಿಸಿದ ಅಳತೆಗೆ ನಾಲ್ಕು ಬೋಲ್ಟು ನಿಲ್ಲಿಸಿದೀವಿ. ಊಟಕ್ಕೆ ಬರೋ ಹೆಂಗಸರು ಅದನ್ನ ನೋಡಿ, ಯಾವ ದೇವರನ್ನ ಕೂರಿಸ್ತೀಯೇ ತಾಯಮ್ಮ ಅಂತ ಆಡ್ಕೋತಾರೆ. ಹಡಗು ಬಂತು ಅಂತ ನಿನ್ನ ಮೆಸೇಜು ಚೈತ್ರ ತೋರಿಸಿ ಹದಿನೈದು ದಿನ ಆಯ್ತು. ಮದ್ರಾಸಿಂದ ವಿಜಯಪುರಕ್ಕೆ ಲಾರಿ ಬರೋಕೆ ಹದಿನೈದು ದಿನ ಬೇಕಾ?

ಹಿತ್ತಲಲ್ಲಿ ತಗಡು ಹೊದಿಸಿ ಮೂರು ಕಲ್ಲಿಟ್ಟು ಬೇಯಿಸ್ತಿದೀವಿ. ಹೊಗೆಗೆ ಕಣ್ಣು ಬಿಡೋಕಾಗಲ್ಲ. ನಿನ್ನೆ ಅರ್ಧ ತೊಳಸೋವಾಗ ನನ್ನ ಕೈಯಿಂದ ಕೋಲು ಜಾರಿತು. ಕೈ ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಕದಿರಮ್ಮ ಹಿಡ್ಕೊಂಡಳು. ಚೈತ್ರನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಬೇಗ ಬಿಡಿಸು ಕಣಪ್ಪ.

ಚಿಕ್ಕಮ್ಮ


ಚೆನ್ನೈ
೩೦ ಮಾರ್ಚ್ ೨೦೨೪

ಚಿಕ್ಕಮ್ಮ,

ಗಾಬರಿ ಆಗಬೇಡ. ಸಣ್ಣದೊಂದು ತೊಡಕು.

ಮಿಷನ್ನು ಬಂದರಿನ ಯಾರ್ಡಿನಲ್ಲಿದೆ. ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿಸಿದ್ರು. ನಮ್ಮ ಕಾಗದದಲ್ಲಿ ಹಿಟ್ಟಿನ ಗಿರಣಿ ಅಂತ ಇದೆ, ಎಂಬತ್ನಾಲ್ಕು ಮೂವತ್ತೇಳರ ನಂಬರು. ಒಳಗೆ ನೋಡಿದ್ರೆ ಬೀಸೋ ಕಲ್ಲಿಲ್ಲ, ಜರಡಿ ಇಲ್ಲ, ಕಡಾಯಿ ಇದೆ. ಇದು ಅಡುಗೆ ಬೇಯಿಸೋ ಸಾಮಾನು, ಎಂಬತ್ನಾಲ್ಕು ಹತ್ತೊಂಬತ್ತಕ್ಕೆ ಬರಬೇಕು, ಸುಳ್ಳು ಬರೆದಿದೀರಿ ಅಂತ ತಡೆದಿದಾರೆ.

ಆಗಿದ್ದೇನಂದ್ರೆ, ನೀನು ಎರಡನೇ ಹಾಳೇಲಿ ಹಿಟ್ಟು ಮಾಡೋ ಮಿಷನ್ ಅಂತ ಬರೆದಿದ್ದೆಯಲ್ಲ. ಆಫೀಸಲ್ಲಿ ಇಂಗ್ಲಿಷಿಗೆ ಮಾಡುವಾಗ ಹಿಟ್ಟು ಅಂದ್ರೆ ಪುಡಿ ಅಂತ ತಿಳಿದುಬಿಟ್ಟಿದಾರೆ. ಆ ಹಾಳೆ ಮಾತ್ರ ಫೈಲಿನಲ್ಲಿದೆ. ಮೊದಲನೇ ಹಾಳೆ ನನ್ನ ಹತ್ರ ಇದೆ, ಅದು ಮನೆ ವಿಷಯ.

ಓಡಾಡ್ತಿದೀನಿ. ಕೈಗೆ ಕೆಲಸ ಕೊಡಬೇಡ.

ಗೋವಿಂದ


ವಿಜಯಪುರ
೬ ಏಪ್ರಿಲ್ ೨೦೨೪

ಲೋ ಗೋವಿಂದ,

ಕಾಗದ ಓದಿ ಮೊದಲು ನಗು ಬಂತು. ಆಮೇಲೆ ಹೋಗಿ ಖಾಲಿ ಕಟ್ಟೆ ನೋಡ್ಕೊಂಡು ಬಂದೆ.

ನಿಮ್ಮಾಫೀಸಿನವರು ಏನು ತಿಂದು ಬದುಕ್ತಾರೋ? ಹಿಟ್ಟು ಅಂದ್ರೆ ಹಿಟ್ಟು. ಡಬ್ಬದಲ್ಲಿದ್ರೂ ಹಿಟ್ಟೇ, ಎಸರಲ್ಲಿ ಬೆಂದು ಉಂಡೆಯಾಗಿ ತಟ್ಟೇಲಿ ಕೂತ್ರೂ ಹಿಟ್ಟೇ. ಮುದ್ದೆ ಅನ್ನೋದು ಹೋಟ್ಲು ಬೋರ್ಡಿನ ಮಾತು. ತೂಬಗೆರೆಯಲ್ಲಿ ನಮ್ಮಪ್ಪ ಅಪ್ಪಯ್ಯಣ್ಣ ಹೊಲದಿಂದ ಬಂದು "ಹಿಟ್ಟಾಯ್ತೇನಮ್ಮಿ" ಅಂದ್ರೆ ಯಾರಾದ್ರೂ ಪುಡಿ ತಂದು ಸುರೀತಿದ್ರಾ?

ಆದ್ರೂ ತಪ್ಪು ನನ್ನದೇ. ಮದ್ರಾಸಿಗೆ ಹೋಗೋ ಕಾಗದ, ನಾಲ್ಕು ಜನ ಓದ್ತಾರೆ ಅನ್ನೋ ಪರಿಜ್ಞಾನ ಬೇಡವಾ ನನಗೆ? ಮುದ್ದೆ ಅಂತ ಒಂದು ಮಾತು ಬರೆದಿದ್ರೆ ಆಗ್ತಿತ್ತು. ಏಳನೇ ಕ್ಲಾಸು ಓದಿದೀನಿ ಅಂತ ಜಂಭ ಪಟ್ಟಿದ್ದಕ್ಕೆ ಸರಿಯಾಗಿ ಆಯ್ತು. ನನ್ನ ದಡ್ಡತನದಿಂದ ನೀನು ಕಂಡೋರ ಮುಂದೆ ಕೈ ಕಟ್ಟಿ ನಿಲ್ಲೋ ಹಾಗಾಯ್ತಲ್ಲ ಅಂತ ಅನ್ನ ಇಳೀತಿಲ್ಲ. ಬೈಸ್ಕೋಬೇಡಪ್ಪ ಯಾರ ಹತ್ರಾನೂ. ನಮ್ಮ ಚಿಕ್ಕಮ್ಮ ಹಳ್ಳಿ ಗುಗ್ಗು, ಅವಳಿಗೆ ಬರೆಯೋಕೆ ಬರಲ್ಲ ಅಂತ ನನ್ನ ಮೇಲೇ ಹಾಕಿಬಿಡು.

ಮಂಗಳವಾರ ಯುಗಾದಿ. ಹಬ್ಬದ ದಿನ ಮೆಸ್ಸಿಗೆ ರಜ, ಕೈಗೆ ಒಂದಿನ ವಿರಾಮ.

ಚಿಕ್ಕಮ್ಮ


ಚೆನ್ನೈ
೨೪ ಏಪ್ರಿಲ್ ೨೦೨೪

ಚಿಕ್ಕಮ್ಮ,

ತಡ ಆಯ್ತು, ಕ್ಷಮಿಸು. ಕೆಲಸ ಮುಗೀತಿಲ್ಲ.

ನೀನೇ ಬರೆದಿದ್ದೀಯಲ್ಲ, ನನ್ನ ಮೇಲೇ ಹಾಕು ಅಂತ. ನಮ್ಮ ಓನರ್ರೂ ಅದೇ ಹೇಳ್ತಿದಾರೆ. ಆಮದು ಮಾಡ್ಕೊಂಡವರು ಒಂದು ಹೇಳಿಕೆ ಕೊಟ್ರೆ ಬೇಗ ಮುಗಿಯುತ್ತಂತೆ. ಇದರ ಜೊತೆ ಟೈಪ್ ಮಾಡಿದ ಹಾಳೆ ಇದೆ. ಇಂಗ್ಲಿಷಲ್ಲಿದೆ, ಯೋಚನೆ ಮಾಡಬೇಡ. ಸಹಿ ಮಾಡಿ ಕಳಿಸು, ಸಾಕು. ಯಾರ್ಡಿನ ಬಾಡಿಗೆ ದಿನ ದಿನಾ ಏರ್ತಿದೆ. ಒಂದು ಮಿತಿ ದಾಟಿದ್ರೆ ಮಿಷನ್ನನ್ನ ಹರಾಜಿಗೆ ಹಾಕಿಬಿಡ್ತಾರೆ.

ಮೋನಿಷಾ ಹುಳಿ ಕೇಳ್ತಾಳೆ. ಮಾವಿನಕಾಯಿ, ಅದೂ ಉಪ್ಪು ಖಾರ ಹಾಕಿ.

ಗೋವಿಂದ


ವಿಜಯಪುರ
೧ ಮೇ ೨೦೨೪

ಗೋವಿಂದ,

ನಿನ್ನ ಹಾಳೆ ಬಂತು. ನಾನು ಪೆನ್ನು ತಗೊಂಡು ಸಹಿ ಹಾಕೋಕೆ ಕೂತೆ. ಚೈತ್ರ ಕಿತ್ಕೊಂಡು ಓದಿದಳು, ಓದಿ ಕನ್ನಡದಲ್ಲಿ ಬರೆದು ತೋರಿಸಿದಳು. "ನನಗೆ ಬೇಕಾಗಿದ್ದು ಕಾಳು ಬೀಸಿ ಪುಡಿ ಮಾಡುವ ಗಿರಣಿ, ನಾನು ಏಜೆಂಟರಿಗೆ ಹಾಗೆಂದೇ ತಿಳಿಸಿದ್ದೆ" ಅಂತ ಇದೆ ಅದರಲ್ಲಿ.

ನಾನು ಹಂಗೆ ತಿಳಿಸಿಲ್ಲ. ಮಾತು ತಪ್ಪಾಗಿ ಬರೆದೆ ಅಂತ ಬೇಕಾದ್ರೆ ಸಹಿ ಹಾಕ್ತೀನಿ. ಗಿರಣಿ ಕೇಳಿದೆ ಅಂತ ಹೆಂಗೆ ಹಾಕಲಿ? ಹಾಕಿದ್ರೆ, ಗಿರಣಿ ಅಂತ ಹೇಳಿ ಕಡಾಯಿ ತರಿಸಿದ ಕಳ್ಳಿ ನಾನಾಗ್ತೀನಿ, ಮಿಷನ್ನೂ ಜಪ್ತಿ ಆಗುತ್ತೆ ಅಂತಾಳೆ ಚೈತ್ರ. ನಿಜವಾ?

ಕಟ್ಟೆ ಖಾಲಿ ಇದೆ. ನಿನ್ನೆ ಕದಿರಮ್ಮನ ಸೀರೆ ಸೆರಗು ಆ ಬೋಲ್ಟಿಗೆ ಸಿಕ್ಕಿ ಮುಖ ಅಡಿಯಾಗಿ ಬಿದ್ದಳು. ನೂರಿಪ್ಪತ್ತು ಹಿಟ್ಟಿಗೆ ಇಳಿಸಿದೀನಿ. ಮಿಕ್ಕ ಹೆಂಗಸರು ಬಸ್ ಸ್ಟಾಂಡ್ ಹತ್ರ ಚಿತ್ರಾನ್ನ ತಿಂತಾರೆ. ಹಿಂದಕ್ಕೆ ಹೋಗೋಕೆ ಒಲೆ ಇಲ್ಲ, ಮುಂದಕ್ಕೆ ಹೋಗೋಕೆ ಮಿಷನ್ ಇಲ್ಲ.

ನೆಟ್ಟಗೆ ಒಂದು ಮಾತು ಕೇಳ್ತೀನಿ. ನಿಮ್ಮಾಫೀಸಲ್ಲಿ ಕನ್ನಡ ಓದೋಕೆ ಬರೋರು ಎಷ್ಟು ಜನ? ನನ್ನ ಹಾಳೇನ ಇಂಗ್ಲಿಷಿಗೆ ಮಾಡಿದ್ದು ಯಾರು? ನೀನೇನಾ?

ಚಿಕ್ಕಮ್ಮ


ಚೆನ್ನೈ
೨ ಜೂನ್ ೨೦೨೪

ಚಿಕ್ಕಮ್ಮ,

ಒಂದು ತಿಂಗಳು ನಿನ್ನ ಕಾಗದ ಜೇಬಲ್ಲಿಟ್ಕೊಂಡು ಓಡಾಡಿದೆ.

ಆಫೀಸಲ್ಲಿ ಕನ್ನಡ ಬರೋನು ನಾನೊಬ್ಬನೇ. ನಾನೇ ಬರೆದೆ. ತಪ್ಪಾಗಿ ತಿಳಿದು ಬರೆದಿದ್ದಲ್ಲ. ಹಿಟ್ಟು ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅಮ್ಮ ತೀರ್ಕೊಂಡ ವಾರ ಅಪ್ಪ ನನ್ನನ್ನ ಕೃಷ್ಣಗಿರಿಯಿಂದ ತಂದು ನಿನ್ನ ಮನೇಲಿ ಬಿಟ್ಟು ಹೋದ್ರು. ಆರು ವರ್ಷ ನನಗೆ. ಅಪ್ಪನ ಮನೇಲಿ ಅನ್ನ ಬಿಟ್ಟು ಬೇರೆ ತಿಂದಿರಲಿಲ್ಲ. ಹಿಟ್ಟು ಅಗಿದು ಅಗಿದು ಅಳ್ತಿದ್ದೆ. ಅಗೀಬಾರದು ಕಣೋ, ನುಂಗಬೇಕು ಅಂತ ನೀನು ತುತ್ತು ಮುರಿದು ಸಾರಲ್ಲಿ ಹೊರಳಿಸಿ ಗಂಟಲಿಗಿಟ್ಟೆ. ನುಂಗೋದು ಕಲಿಸಿದ ನಿನಗೇ, ಆಫೀಸಲ್ಲಿ ಗೊತ್ತಾಗಲಿಲ್ಲ ಅಂತ ಸುಳ್ಳು ಬರೆದೆ ನಾನು.

ಯಾಕೆ ಮಾಡಿದೆ ಅಂದ್ರೆ, ಗಿರಣಿ ನಂಬರಿಗೆ ಡ್ಯೂಟಿ ಕಮ್ಮಿ ಬೀಳುತ್ತೆ ಅಂತ ಲೆಕ್ಕ ಹಾಕಿದೆ. ಪೆಟ್ಟಿಗೆ ಬಿಚ್ಚಿಸೋದೂ ಅಪರೂಪ, ಯುಗಾದಿಯೊಳಗೆ ನಿನ್ನ ಕಟ್ಟೆ ಮೇಲೆ ಕೂರಿಸಬಹುದು ಅಂದ್ಕೊಂಡೆ. ಹೊಸ ಪಾಸು ಬಂದ ಸೊಕ್ಕೂ ಇತ್ತು. ಯಾರಾದ್ರೂ ಕೇಳಿದ್ರೆ ನಿನ್ನ ಹಾಳೆ ತೋರಿಸಿ, ನೋಡಿ ಸಾರ್, ಅವರೇ ಹಿಟ್ಟು ಅಂತ ಬರೆದಿದಾರೆ ಅನ್ನಬಹುದು ಅಂತ ಧೈರ್ಯ. ನಿನ್ನ ಮಾತಿನ ಹಿಂದೆ ಅವಿತುಕೊಂಡೆ ಚಿಕ್ಕಮ್ಮ. ನೀನು ನಿನ್ನನ್ನೇ ಬೈಕೊಂಡು ಬರೆದಾಗಲೂ ಸುಮ್ಮನಿದ್ದೆ.

ಇಪ್ಪತ್ತನೇ ತಾರೀಕಿಗೆ ಹಾಜರಾಗು ಅಂತ ನಿನಗೆ ಸಮನ್ಸ್ ಬರುತ್ತೆ. ಕಸ್ಟಮ್ಸ್ ಆಫೀಸಿಗೆ ಬಂದು ಹೇಳಿಕೆ ಕೊಡಬೇಕು. ಆ ಟೈಪ್ ಮಾಡಿದ ಹಾಳೆ ಹರಿದು ಹಾಕು. ನಿಜ ಹೇಳಿಬಿಡು. ನನ್ನ ಪಾಸು ಹೋಗುತ್ತೆ, ಒಂದು ಸಲ ರದ್ದಾದ್ರೆ ಈ ಬಂದರಲ್ಲಿ ಯಾರೂ ಕೆಲಸಕ್ಕೆ ಇಟ್ಕೊಳ್ಳಲ್ಲ. ಹೋಗಲಿ.

ಮೋನಿಷಾಗೆ ಇನ್ನೂ ಹೇಳಿಲ್ಲ.

ಗೋವಿಂದ


ವಿಜಯಪುರ
೧೦ ಜೂನ್ ೨೦೨೪

ಗೋವಿಂದನಿಗೆ,

ಸಮನ್ಸ್ ಬಂತು. ಚೈತ್ರನ ಜೊತೆ ರೈಲಲ್ಲಿ ಬರ್ತೀನಿ. ಸ್ಟೇಷನ್ನಿಗೆ ಬರಬೇಡ, ನಿನ್ನ ಮುಖ ನೋಡೋಕೆ ಈಗ ನನಗೆ ಆಗಲ್ಲ.

ಈ ವಯಸ್ಸಿಗೆ ಸರ್ಕಾರದೋರ ಮುಂದೆ ನಿಂತು ಸುಳ್ಳು ಹೇಳೋಳಲ್ಲ ನಾನು. ಇರೋದು ಇದ್ದಂಗೆ ಹೇಳ್ತೀನಿ. ಆಮೇಲೆ ಏನಾಗುತ್ತೋ ನೋಡ್ಕೋ.

ಮುನಿತಾಯಮ್ಮ


ವಿಜಯಪುರ
೨೪ ಜೂನ್ ೨೦೨೪

ಗೋವಿಂದ,

ನಿನ್ನ ಕೈಗೆ ಇದು ಸೇರೋ ಹೊತ್ತಿಗೆ ನಿಮ್ಮಾಫೀಸಲ್ಲಿ ಗೊತ್ತಾಗಿರುತ್ತೆ. ಆದ್ರೂ ನನ್ನ ಬಾಯಿಂದಲೇ ಕೇಳು.

ಅಷ್ಟು ದೊಡ್ಡ ಕಟ್ಟಡ, ಒಳಗೆ ಹೋದ್ರೆ ನಮ್ಮ ತಾಲ್ಲೂಕಾಫೀಸಿನ ಥರಾನೇ ಫೈಲಿನ ವಾಸನೆ. ಚೈತ್ರನ್ನ ಹೊರಗೆ ಕೂರಿಸಿದ್ರು. ನನಗೆ ಕಿವಿ ಕೇಳಲ್ಲ ಅಂತ ಸನ್ನೆ ಮಾಡಿದ್ದಕ್ಕೆ, ಕನ್ನಡ ಬರೋ ಅಧಿಕಾರಿ ಒಬ್ಬರನ್ನ ಕರೆಸಿದ್ರು. ಕೋಲಾರದ ಕಡೆಯವರು, ನಿನಗಿಂತ ನಾಲ್ಕು ವರ್ಷ ದೊಡ್ಡವರು ಇರಬಹುದು. ಅವರು ಪ್ರಶ್ನೆ ಕನ್ನಡದಲ್ಲಿ ಬರೀತಿದ್ರು, ಅದರ ಕೆಳಗೇ ನಾನು ಉತ್ತರ ಬರೀಬೇಕು. ಪ್ರತಿ ಹಾಳೆಗೂ ಸಹಿ. ನಾನು ನಡುನಡುವೆ ಪೆನ್ನಿಟ್ಟು ಭುಜ ತಿಕ್ಕೋದು ನೋಡಿ ಟೀ ತರಿಸಿಕೊಟ್ರು.

ನಿನ್ನ ಫೈಲಲ್ಲಿದ್ದ ನನ್ನ ಹಾಳೆ ತೆಗೆದು ಹಿಟ್ಟು ಅನ್ನೋ ಮಾತಿನ ಮೇಲೆ ಬೆರಳಿಟ್ರು. ಆಮೇಲೆ ಎರಡೂ ಕೈಯಲ್ಲಿ ಉಂಡೆ ಕಟ್ಟೋ ಹಾಗೆ ಮಾಡಿ, ಇದಾ ಅಂತ ನೋಡಿದ್ರು. ನಾನು ಹೂಂ ಅಂತ ತಲೆ ಆಡಿಸ್ದೆ. ನಕ್ಕುಬಿಟ್ರು ಆ ಮನುಷ್ಯ. "ನಮ್ಮಮ್ಮನೂ ಹಿಟ್ಟು ಅಂತಾನೇ ಅನ್ನೋದು. ಇದರಲ್ಲಿ ನಿಮ್ಮ ತಪ್ಪಿಲ್ಲ" ಅಂತ ಬರೆದ್ರು. ಮೂರು ತಿಂಗಳಿಂದ ಎದೆ ಮೇಲೆ ಕೂತಿದ್ದ ಕಲ್ಲು ಆಗ ಇಳೀತು ಕಣೋ. ಮಿಷನ್ ಸಿಕ್ಕಿತು ಅಂದ್ಕೊಂಡೆ.

ಹಾಳೆ ತಿರುವಿದ್ರು. ಮುಂದಿನದು: "ಇದನ್ನು ಇಂಗ್ಲಿಷಿಗೆ ಮಾಡಿದ ಗೋವಿಂದರಾಜು ಅವರಿಗೆ ಹಿಟ್ಟು ಎಂದರೆ ಮುದ್ದೆ ಎಂದು ಗೊತ್ತಿತ್ತೇ?"

ನಾನು ಪೆನ್ನು ಎತ್ತೋ ಮುಂಚೆ ಅವರೇ ವಿವರಿಸಿ ಬರೆದ್ರು. ಗೊತ್ತಿಲ್ಲದೆ ಬರೆದಿದ್ರೆ ಅದು ಮಾತಿನ ತಪ್ಪು. ನಂಬರು ತಿದ್ದಿ, ವ್ಯತ್ಯಾಸದ ಡ್ಯೂಟಿ ಕಟ್ಟಿಸ್ಕೊಂಡು ಮಿಷನ್ ಬಿಡ್ತಾರೆ. ಗೊತ್ತಿದ್ದೂ ಬರೆದಿದ್ರೆ ಮೋಸ. ಮಿಷನ್ ಜಪ್ತಿ, ಬರೆದವನ ಪಾಸು ರದ್ದು. ಬರೆದವನು ನನ್ನ ನೆಂಟನೇ ಆಗಿದ್ರೆ ಇಬ್ಬರೂ ಸೇರಿ ಮಾಡಿದ್ದು ಅಂತಾಗುತ್ತೆ. ಇಷ್ಟು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಹಾಕಿದ್ರು: "ಅವರು ನಿಮಗೆ ಏನಾಗಬೇಕು?"

ನಿಜ ಹೇಳ್ತೀನಿ ಅಂತಲೇ ಹೋಗಿದ್ದೆ. ರೈಲಲ್ಲಿ ರಾತ್ರಿಯೆಲ್ಲ ಬಾಯಿಪಾಠ ಮಾಡ್ಕೊಂಡಿದ್ದೆ. ನೀನು ನನ್ನ ಕಾಗದದ ಹಿಂದೆ ಅವಿತುಕೊಂಡಿದ್ದಕ್ಕೆ ನನಗೆ ಎಷ್ಟು ಕೋಪ ಇತ್ತು ಅಂದ್ರೆ, ನಿನ್ನ ಪಾಸು ಹೋಗಲಿ ಅಂತಲೂ ಅನ್ನಿಸಿತ್ತು. ಆದ್ರೆ ಆ ಸಾಲು ನೋಡಿದ್ಮೇಲೆ ಕೋಪ ಎಲ್ಲಿ ಹೋಯ್ತೋ. ಏನಾಗಬೇಕು ಅಂತ ಬರೆಯೋಕೆ ಹೋದ್ರೆ ಎಲ್ಲಿಂದ ಶುರು ಮಾಡೋದು? ಅಕ್ಕನ ಮಗ ಅಂತಲಾ? ಚೈತ್ರ ಹುಟ್ಟೋಕೆ ಮುಂಚೆ ನನ್ನನ್ನ ಅಮ್ಮ ಅಂದವನು ನೀನೊಬ್ಬನೇ. ಹಂಗಂತ ಬರೆದ್ರೆ ನೀನೂ ಹೋದೆ, ಮಿಷನ್ನೂ ಹೋಯ್ತು, ನಿನ್ನ ಹೆಂಡತಿ ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಬೀದಿಗೆ.

ಮೊದಲನೇದಕ್ಕೆ ಹೀಗೆ ಬರೆದೆ: "ಅವರು ತಮಿಳುನಾಡಿನವರು. ತಂದೆ ಊರು ಕೃಷ್ಣಗಿರಿ. ಅನ್ನ ತಿನ್ನುವವರು. ನಮ್ಮ ಹಿಟ್ಟು ಅವರು ನೋಡಿಲ್ಲ, ತಿಂದಿಲ್ಲ." ಎರಡನೇದಕ್ಕೆ: "ಏನೂ ಆಗಬೇಕಿಲ್ಲ."

ಎರಡೇ ಪದ. ಸಹಿ ಮಾಡಿ, ಹೆಬ್ಬೆಟ್ಟೂ ಒತ್ತಿಸ್ಕೊಂಡ್ರು. ಆ ಮನುಷ್ಯ ನನ್ನ ಉತ್ತರಾನ ಇನ್ನೊಂದು ಸಲ ಓದಿದ್ರು. ಅವರಿಗೆ ಗೊತ್ತಾಯ್ತೋ ಏನೋ. ಮೊಹರು ಹಾಕಿದ್ರು.

ಇನ್ನು ಕೇಳು. ಈ ಫೈಲು ಮುಚ್ಚಿದ್ರೂ ಐದು ವರ್ಷ ಯಾವಾಗ ಬೇಕಾದ್ರೂ ತೆಗೆದು ನೋಡಬಹುದಂತೆ. ನನ್ನ ಹೇಳಿಕೆ ಸುಳ್ಳು ಅಂತಾದ್ರೆ ಜೈಲು ಅಂತ ಆ ಹಾಳೇಲೇ ಮೇಲುಗಡೆ ಅಚ್ಚಾಗಿದೆ. ಅದಕ್ಕೆ ನೀನು ಇಲ್ಲಿಗೆ ಬರಬೇಡ. ಹಬ್ಬಕ್ಕೂ ಬರಬೇಡ, ಕಾಗದಾನೂ ಬರೀಬೇಡ. ಮೋನಿಷಾನ ಬಾಣಂತನಕ್ಕೆ ಕರೀಬೇಕು ಅಂತ ಕೋಣೆಗೆ ಸುಣ್ಣ ಹೊಡೆಸಿದ್ದೆ, ಅದೂ ಇಲ್ಲ. ಚೈತ್ರನ ಫೋನಲ್ಲಿ ನಿನ್ನ ನಂಬರು ಅಳಿಸಿಯಾಯ್ತು. ಈ ಕಾಗದವನ್ನೂ ಹಳೇವನ್ನೂ ಸುಟ್ಟುಬಿಡು. ನಿನ್ನವು ನಾನು ಮೂರು ಕಲ್ಲಿನ ಒಲೆಗೆ ಹಾಕ್ತೀನಿ.

ನಿನ್ನ ಮೇಲೆ ಕೋಪ ಇಲ್ಲ. ಕೋಪ ಇದ್ದಿದ್ರೆ ಸುಲಭ ಇತ್ತು.

ಮು.


ಚೆನ್ನೈ
೧೮ ಆಗಸ್ಟ್ ೨೦೨೪

ಚಿಕ್ಕಮ್ಮ,

ಬರೀಬೇಡ ಅಂದ್ರೂ ಬರೀತಿದೀನಿ, ಬೈಕೋ. ಹೆಸರು ಹಾಕ್ದೆ ಬರೀಬಹುದಿತ್ತು, ಆಗಲಿಲ್ಲ.

ಹನ್ನೊಂದನೇ ತಾರೀಕು ಹೆಣ್ಣು ಮಗು ಆಯ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ. ಅಮ್ಮನ ಹೆಸರು ಲಕ್ಷ್ಮೀದೇವಮ್ಮ ಅಂತ ಇತ್ತಲ್ಲ, ಅದನ್ನೇ ಇಡೋಣ ಅಂತಿದೀವಿ. ಮುಂದಿನ ತಿಂಗಳು ಎಂಟನೇ ತಾರೀಕು ನಾಮಕರಣ. ನಮ್ಮ ಕಡೆಯಿಂದ ತೊಟ್ಟಿಲಿಗೆ ಹಾಕೋರು ಯಾರಪ್ಪಾ ಅಂತ ಮೋನಿಷಾಳ ಅಮ್ಮ ಕೇಳ್ತಿದಾರೆ. ನಾನು ಏನು ಹೇಳಲಿ?

ಮಿಷನ್ ಬಿಡುಗಡೆ ಕಾಗದಕ್ಕೆ ನಾನೇ ಸಹಿ ಹಾಕಿ ಲಾರಿ ಹತ್ತಿಸಿದೆ. ಹಗ್ಗ ಕಟ್ಟೋವಾಗ ಡ್ರೈವರ್ ಜೊತೆ ನಾನೂ ಹತ್ತಿ ಕೂತುಬಿಡೋಣ ಅನ್ನಿಸ್ತು. ಬಂದು ಸೇರಿತಾ? ಹೆಂಗೆ ಆಗ್ತಿದೆ ಅದರಲ್ಲಿ? ಗಂಟು ಬಿಡ್ತಿಲ್ಲ ತಾನೆ?

ಒಂದೇ ದಿನ ಬಾ ಚಿಕ್ಕಮ್ಮ. ಯಾರಿಗೂ ಗೊತ್ತಾಗಲ್ಲ.

ನಿನ್ನ ಗೋವಿಂದ


ಮುನಿತಾಯಮ್ಮ ಮೆಸ್
ವಿಜಯಪುರ, ದೇವನಹಳ್ಳಿ ತಾಲ್ಲೂಕು
೩೦ ಆಗಸ್ಟ್ ೨೦೨೪

ಶ್ರೀ ಗೋವಿಂದರಾಜು ಅವರಿಗೆ,

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ತಾವು ಕಳುಹಿಸಿದ ಅಡುಗೆ ಯಂತ್ರ ಸುಸ್ಥಿತಿಯಲ್ಲಿ ಬಂದು ಸೇರಿದೆ. ಕಟ್ಟೆಯ ಮೇಲೆ ಕೂರಿಸಿ ಕೆಲಸ ಆರಂಭಿಸಿದ್ದೇವೆ. ಗಂಟು ಬಿಡುವುದಿಲ್ಲ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಆಗುತ್ತಿದೆ. ಕೈ ನೋವು ಕಡಿಮೆ ಇದೆ.

ತಮಗೆ ಹೆಣ್ಣು ಮಗು ಆಗಿರುವ ವಿಷಯ ತಿಳಿದು ಸಂತೋಷವಾಯಿತು. ಶುಭಕಾರ್ಯಕ್ಕೆ ಕರೆದಿದ್ದೀರಿ. ತಮಗೂ ನಮಗೂ ವ್ಯವಹಾರದ ಪರಿಚಯ ಬಿಟ್ಟು ಬೇರೆ ಸಂಬಂಧ ಇಲ್ಲವಾದ್ದರಿಂದ ಬರಲು ಆಗುವುದಿಲ್ಲ. ಮಗುವಿನ ಹೆಸರು ಚೆನ್ನಾಗಿದೆ.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಕೊಡಿ. ರಾಗಿಯನ್ನು ನೆನೆಸಿ, ಬಿಳಿ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಹಿಟ್ಟು ಮಾಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಇಲ್ಲಿ ಹಿಟ್ಟು ಎಂದರೆ ಪುಡಿ. ನಮ್ಮ ಕಡೆ ಈ ಮಾತಿಗೆ ಇನ್ನೊಂದು ಅರ್ಥವೂ ಇದೆ, ತಮಗೆ ತಿಳಿದಿರಲಿಕ್ಕಿಲ್ಲ.

ಕಲಸುವಾಗ ಹದ ಗೊತ್ತಾಗದಿದ್ದರೆ ತಮ್ಮ ಮನೆಯ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕೇಳಿ.

ಇಂತಿ,
ಮುನಿತಾಯಮ್ಮ
ಮಾಲೀಕರು